ಹಿತ್ತಿಲ ಬಾಗಿಲಿಲ್ಲದ 68 ತಿಂಗಳು: ಸಾಂಟಾ ಟೆರೀಸಾ ಪ್ರಕರಣ

ಆಸ್ಟ್ರೇಲಿಯಾದ ನಟ್ಟನಡುವಿನ ಮರುಭೂಮಿಯಲ್ಲಿ ಒಂದು ಸರ್ಕಾರಿ ಬಾಡಿಗೆ ಮನೆ. ಅದಕ್ಕೆ ಹಿತ್ತಿಲ ಬಾಗಿಲು ಇರಲಿಲ್ಲ. ಚಿಲಕ ಕೆಟ್ಟಿತ್ತು, ಕೀಲು ಸಡಿಲಾಗಿತ್ತು ಅಂತಲ್ಲ. ಬಾಗಿಲೇ ಇರಲಿಲ್ಲ. ಹೀಗೇ 68 ತಿಂಗಳು ಕಳೆದವು. ಐದೂವರೆ ವರ್ಷಕ್ಕಿಂತ ಜಾಸ್ತಿ. ಆ ಮನೆಯಲ್ಲಿದ್ದವರು ಒಬ್ಬ ಮೂಲನಿವಾಸಿ ಮಹಿಳೆ. ತೀರ್ಪುಗಳು ಅವರನ್ನು ಯಂಗ್ ಅಂತಷ್ಟೇ ಕರೆಯುತ್ತವೆ, ನಾನೂ ಹಾಗೇ ಕರೆಯುತ್ತೇನೆ. ಈ ಬಾಗಿಲಿನ ವ್ಯಾಜ್ಯ ಒಂದು ನ್ಯಾಯಮಂಡಳಿಯಲ್ಲಿ ಶುರುವಾಗಿ, ಎರಡು ಕೋರ್ಟ್ ದಾಟಿ, ಕೊನೆಗೆ ಆಸ್ಟ್ರೇಲಿಯಾದ ಹೈಕೋರ್ಟ್ ಮುಟ್ಟಿತು. ಅಲ್ಲಿ ಹೈಕೋರ್ಟ್ ಅಂದರೆ ದೇಶದ ಅತ್ಯುನ್ನತ ಕೋರ್ಟ್, ನಮ್ಮ ಸುಪ್ರೀಂ ಕೋರ್ಟ್ ಜಾಗದಲ್ಲಿರುವುದು.

ದೂರದ ಮೂಲನಿವಾಸಿ ಊರುಗಳ ವಸತಿ ಅಂದ ಕೂಡಲೇ ಮಾತು ಎಷ್ಟು ಮನೆ ಕಟ್ಟಿದರು, ಎಷ್ಟು ಕೋಟಿ ಸುರಿದರು ಅನ್ನುವ ಕಡೆ ಹೋಗುತ್ತದೆ. ಈ ಪ್ರಕರಣ ನನ್ನ ಗಮನ ಸೆಳೆದದ್ದು ಬೇರೆ ಕಾರಣಕ್ಕೆ. ಇಲ್ಲಿ ಮನೆ ಇತ್ತು. ಮಾಲೀಕ ಯಾರು ಅಂತಲೂ ಗೊತ್ತಿತ್ತು. ಬಾಡಿಗೆ ಲೆಕ್ಕ ಇತ್ತು. ಬಾಡಿಗೆದಾರರನ್ನು ಕಾಯುವ ಕಾನೂನೂ ಇತ್ತು. ಇಲ್ಲದೆ ಹೋದದ್ದು ರಿಪೇರಿ ಒಂದೇ.

ಊರು

ಸಾಂಟಾ ಟೆರೀಸಾ ಇರುವುದು ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಆಗ್ನೇಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ನಾರ್ದರ್ನ್ ಟೆರಿಟರಿಯಲ್ಲಿ. ಟೆರಿಟರಿ ಪೂರ್ಣ ರಾಜ್ಯವಲ್ಲ, ಆದರೆ ಅದಕ್ಕೆ ತನ್ನದೇ ಸರ್ಕಾರವಿದೆ. ಊರಿನವರ ಹೆಸರು ಲ್ಚೆಂಚ ಅಪುರ್ಟ. ಪೂರ್ವ ಅರಂಡ ಅನ್ನುವ ಮೂಲನಿವಾಸಿ ಜನರ ಊರು ಇದು. ಜನಸಂಖ್ಯೆ ಆರು ನೂರರ ಆಸುಪಾಸು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುವ ಚಳಿ. ಇಂಥ ಕಡೆ ಬಾಗಿಲಿಲ್ಲದ ಮನೆ ಅಂದರೆ ಬರೀ ಕಳ್ಳರ ಭಯವಲ್ಲ. ಬಿಸಿಗಾಳಿ, ಕೆಂಪು ಧೂಳು, ನಾಯಿ, ಹಾವು ಎಲ್ಲಕ್ಕೂ ಅದು ತೆರೆದ ದಾರಿ.

ಊರು ಹುಟ್ಟಿದ್ದು ಜನರ ಆಯ್ಕೆಯಿಂದ ಅನ್ನುವುದಕ್ಕಿಂತ ಸ್ಥಳಾಂತರದಿಂದ ಅನ್ನಬೇಕು. ಆಲಿಸ್ ಸ್ಪ್ರಿಂಗ್ಸ್ ಅಂಚಿನಲ್ಲಿ ಕ್ಯಾಥೊಲಿಕ್ ಮಿಷನ್ ಒಂದಿತ್ತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಅಲ್ಲಿದ್ದ ಅರಂಡ ಜನರನ್ನು ಆರ್ಲ್ಟಂಗ ಅನ್ನುವ ಹಳೆಯ ಚಿನ್ನದ ಗಣಿ ಪ್ರದೇಶಕ್ಕೆ ಸಾಗಿಸಿದರು. ಅಲ್ಲಿ ನೀರಿನ ತೊಂದರೆ. 1953ರಲ್ಲಿ ಮತ್ತೆ ಎಬ್ಬಿಸಿ ಸಾಂಟಾ ಟೆರೀಸಾಕ್ಕೆ ತಂದರು. ಅಂದರೆ ಇಲ್ಲಿನ ಮನೆಗಳ ವಿಷಯದಲ್ಲಿ ತೀರ್ಮಾನ ಬೇರೆಯವರದ್ದು, ವಾಸ ಇವರದ್ದು. ಶುರುವಿನಿಂದಲೂ ಹೀಗೇ. ಮುಂದೆ ಹೇಳುವ ಕಥೆಯಲ್ಲೂ ಇದು ಹೆಚ್ಚು ಬದಲಾಗುವುದಿಲ್ಲ.

ಸರ್ಕಾರ ಮಾಲೀಕನಾದದ್ದು

2007ಕ್ಕೆ ಮೊದಲು ಇಂಥ ಊರುಗಳ ಮನೆಗಳನ್ನು ಬಹುಮಟ್ಟಿಗೆ ಸ್ಥಳೀಯ ಸಂಸ್ಥೆಗಳೇ ನೋಡಿಕೊಳ್ಳುತ್ತಿದ್ದವು. ಚೆನ್ನಾಗಿ ನೋಡಿಕೊಳ್ಳುತ್ತಿದ್ದವು ಅಂತ ನಾನು ಹೇಳಲಾರೆ. ಹಣ ಕಡಿಮೆ, ಕೆಲವು ಕಡೆ ಆಡಳಿತವೂ ಸರಿ ಇರಲಿಲ್ಲ. ಆದರೆ ನಲ್ಲಿ ಸೋರಿದರೆ ದೂರು ಹೇಳಲು ಹೋಗಬೇಕಾದ ಜಾಗ ಅದೇ ಊರಲ್ಲಿತ್ತು.

2007ರ ಜೂನ್‌ನಲ್ಲಿ ಜಾನ್ ಹೋವರ್ಡ್ ಅವರ ಕೇಂದ್ರ ಸರ್ಕಾರ ನಾರ್ದರ್ನ್ ಟೆರಿಟರಿಯಲ್ಲಿ ತುರ್ತು ಕಾರ್ಯಾಚರಣೆ ಘೋಷಿಸಿತು. ಜನ ಇದನ್ನು ಇವತ್ತಿಗೂ ‘ಇಂಟರ್ವೆನ್ಷನ್’ ಅಂತಲೇ ಕರೆಯುತ್ತಾರೆ. ಮಕ್ಕಳ ಮೇಲಿನ ದೌರ್ಜನ್ಯ ತಡೆಯುವುದು ಹೇಳಿದ ಕಾರಣ. ಅದರ ಜೊತೆಗೆ ಬಂದ ಕ್ರಮಗಳು ಹಲವು. ಅದರಲ್ಲಿ ಒಂದು, ಹತ್ತಾರು ಮೂಲನಿವಾಸಿ ಊರುಗಳ ಜಮೀನನ್ನು ಕೇಂದ್ರ ಸರ್ಕಾರ ಐದು ವರ್ಷಕ್ಕೆ ಕಡ್ಡಾಯ ಗುತ್ತಿಗೆಗೆ ತೆಗೆದುಕೊಂಡದ್ದು. ಆಮೇಲೆ ಮನೆಗಳ ಉಸ್ತುವಾರಿ ಸ್ಥಳೀಯ ಸಂಸ್ಥೆಗಳ ಕೈತಪ್ಪಿ ಟೆರಿಟರಿ ಸರ್ಕಾರದ ವಸತಿ ಇಲಾಖೆಗೆ ಹೋಯಿತು. 2008ರ ಜುಲೈನಲ್ಲಿ ಸಣ್ಣ ಸಣ್ಣ ಊರು ಸಭೆಗಳನ್ನೆಲ್ಲ ವಿಲೀನ ಮಾಡಿ ಶೈರ್ ಅನ್ನುವ ದೊಡ್ಡ ಸ್ಥಳೀಯ ಆಡಳಿತಗಳನ್ನು ಮಾಡಿದರು. ಸಾಂಟಾ ಟೆರೀಸಾ ಮ್ಯಾಕ್‌ಡೊನೆಲ್ ಶೈರ್‌ಗೆ ಸೇರಿತು. ಒಂದೆರಡು ವರ್ಷದೊಳಗೆ ಊರಿನ ಮನೆಗಳ ಬಗ್ಗೆ ತೀರ್ಮಾನ ಮಾಡುವವರು ಊರಲ್ಲಿ ಯಾರೂ ಉಳಿಯಲಿಲ್ಲ.

ಹಣ ಬರಲಿಲ್ಲವೇ ಅಂದರೆ, ಬಂತು. 2008ರಲ್ಲಿ ಕೇಂದ್ರ ಮತ್ತು ರಾಜ್ಯಗಳ ನಡುವೆ ದೂರದ ಊರುಗಳ ವಸತಿಗೆ ಹತ್ತು ವರ್ಷದ ಒಪ್ಪಂದವಾಯಿತು. ಮೊತ್ತ 550 ಕೋಟಿ ಡಾಲರ್. ನಾರ್ದರ್ನ್ ಟೆರಿಟರಿಯಲ್ಲಿ 67.2 ಕೋಟಿ ಡಾಲರಿನ ಯೋಜನೆ: 750 ಹೊಸ ಮನೆ, 230 ಮರುನಿರ್ಮಾಣ, 2,500 ಮನೆಗಳ ನವೀಕರಣ. ಆದರೆ ಘೋಷಣೆಯಾಗಿ ವರ್ಷ ಕಳೆದರೂ ಒಂದು ಹೊಸ ಮನೆಯೂ ಎದ್ದು ನಿಲ್ಲಲಿಲ್ಲ. ದುಡ್ಡಿನಲ್ಲಿ ಎಷ್ಟು ಪಾಲು ಆಡಳಿತ ಖರ್ಚಿಗೇ ಹೋಗುತ್ತಿದೆ ಅನ್ನುವ ಜಗಳ ಜೋರಾಯಿತು. 2009ರ ಆಗಸ್ಟ್‌ನಲ್ಲಿ ಟೆರಿಟರಿಯ ಮೂಲನಿವಾಸಿ ವ್ಯವಹಾರಗಳ ಸಚಿವೆ ಆಲಿಸನ್ ಆಂಡರ್ಸನ್ ಇದೇ ವಿಷಯಕ್ಕೆ ಲೇಬರ್ ಪಕ್ಷ ಬಿಟ್ಟು ಹೊರನಡೆದರು. ಆಮೇಲೆ ಕೆಲಸ ಚುರುಕಾಯಿತು, ಮನೆಗಳೂ ಎದ್ದವು.

ಈ ಹಣದ ಜೊತೆ ಒಂದು ಷರತ್ತಿತ್ತು. ಮನೆ ಬೇಕಾದರೆ ಜಮೀನನ್ನು ದೀರ್ಘ ಕಾಲದ ಗುತ್ತಿಗೆಗೆ ಸರ್ಕಾರಕ್ಕೆ ಕೊಡಬೇಕು. ಮನೆಯಲ್ಲಿರುವವರು ಸರ್ಕಾರದ ಬಾಡಿಗೆದಾರರಾಗಬೇಕು, ಪಟ್ಟಣದ ಸರ್ಕಾರಿ ಬಾಡಿಗೆ ಮನೆಗಳ ರೀತಿಯಲ್ಲೇ ಎಲ್ಲ ನಡೆಯಬೇಕು. ಸಮಾನತೆ ಅನ್ನುವುದು ಇದಕ್ಕೆ ಕೊಟ್ಟ ಸಮರ್ಥನೆ. ಬಾಡಿಗೆ ಕಟ್ಟಿ ಶಿಸ್ತು ಕಲಿಯಿರಿ ಅನ್ನುವ ಧ್ವನಿಯೂ ಒಳಗೇ ಇತ್ತು. ಆದರೆ ಬಾಡಿಗೆ ಅಂದ ಮೇಲೆ ಮಾಲೀಕನಿಗೂ ಕರ್ತವ್ಯ ಇರುತ್ತದೆ, ಅಲ್ವಾ? ನಾರ್ದರ್ನ್ ಟೆರಿಟರಿಯ 1999ರ ಬಾಡಿಗೆ ವಸತಿ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಮನೆ ವಾಸಕ್ಕೆ ಯೋಗ್ಯವಾಗಿರಬೇಕು, ಸುಸ್ಥಿತಿಯಲ್ಲಿರಬೇಕು, ಭದ್ರವಾಗಿರಬೇಕು. ಡಾರ್ವಿನ್ ನಗರದಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿರುವ ಒಂದು ಕನ್ನಡಿಗ ಕುಟುಂಬಕ್ಕೂ ಅನ್ವಯಿಸುವುದು ಇದೇ ಕಾಯ್ದೆ. ಮರುಭೂಮಿಯ ಮನೆಗೆ ಅಂತ ಬೇರೆ ಕಾಯ್ದೆ ಇಲ್ಲ.

70 ಮನೆ, 600ಕ್ಕೂ ಹೆಚ್ಚು ರಿಪೇರಿ

2015ರ ಕೊನೆಯ ಹೊತ್ತಿಗೆ ‘ಆಸ್ಟ್ರೇಲಿಯನ್ ಲಾಯರ್ಸ್ ಫಾರ್ ರಿಮೋಟ್ ಅಬೊರಿಜಿನಲ್ ರೈಟ್ಸ್’ ಅನ್ನುವ ವಕೀಲರ ಸಂಸ್ಥೆ ಸಾಂಟಾ ಟೆರೀಸಾದಲ್ಲಿ ಮನೆ ಮನೆಗೆ ಹೋಗಿ ಪಟ್ಟಿ ಮಾಡಿತು. ಒಡೆದ ಶೌಚಾಲಯ, ಕಟ್ಟಿಕೊಂಡ ಚರಂಡಿ, ಸೋರುವ ಕೊಳಚೆ ಪೈಪು, ಉರಿಯದ ಒಲೆ, ಓಡದ ಕೂಲರು, ಹೊರಗೆ ಜೋಲುವ ವೈರು. 70 ಕುಟುಂಬಗಳ ಪಟ್ಟಿ ಕೂಡಿಸಿದರೆ 600ಕ್ಕೂ ಹೆಚ್ಚು ತುರ್ತು ರಿಪೇರಿ. 2016ರ ಶುರುವಿನಲ್ಲಿ ಇವೆಲ್ಲ ಟೆರಿಟರಿಯ ಸಿವಿಲ್ ಮತ್ತು ಆಡಳಿತ ನ್ಯಾಯಮಂಡಳಿಯ ಮುಂದೆ ಅರ್ಜಿಗಳಾಗಿ ಬಂದವು.

ಸರ್ಕಾರದ ಮೊದಲ ಉತ್ತರಗಳಲ್ಲಿ ಒಂದು ಗಮನಿಸುವಂಥದ್ದು. ಅದು ತಿರುಗಿ ಬಾಡಿಗೆ ಬಾಕಿ ಕೇಳಿತು. ನಿಮ್ಮ ಶೌಚಾಲಯ ಹಾಗಿರಲಿ, ನೀವು ಕಟ್ಟಬೇಕಾದ ಹಣ ಎಲ್ಲಿ ಅನ್ನುವ ಪ್ರತಿದಾವೆ. ವಕೀಲರ ಲೋಕದಲ್ಲಿ ಇದು ಮಾಮೂಲಿ ನಡೆ. ಆದರೆ ಸರ್ಕಾರ ಒಂದು ಸಾಮಾನ್ಯ ಖಾಸಗಿ ಮಾಲೀಕನ ಹಾಗೆ ವಾದ ಮಾಡಲು ಶುರು ಮಾಡಿದರೆ, ಆ ಮಾಲೀಕನ ಹೊಣೆಯನ್ನೂ ಹೊರಬೇಕಾಗುತ್ತದೆ. ಮುಂದಿನ ಏಳು ವರ್ಷ ನಡೆದದ್ದು ಇದರದ್ದೇ ಜಗಳ.

ಎಪ್ಪತ್ತೂ ಅರ್ಜಿಗಳನ್ನು ಒಟ್ಟಿಗೆ ವಿಚಾರಿಸುವುದು ಕಷ್ಟ. ಹಾಗಾಗಿ ನಾಲ್ಕು ಮನೆಗಳನ್ನು ಮಾದರಿ ಪ್ರಕರಣಗಳಾಗಿ ಆರಿಸಿಕೊಂಡರು. ಈ ನಾಲ್ಕರಲ್ಲಿ ಏನು ತೀರ್ಪಾಗುತ್ತದೋ ಉಳಿದವಕ್ಕೆ ಅದೇ ದಾರಿ. ಯಂಗ್ ಅವರ ಬಾಗಿಲಿನ ಪ್ರಶ್ನೆ ಆ ನಾಲ್ಕರಲ್ಲಿ ಒಂದು.

ಬಾಗಿಲು ಭದ್ರತೆಯ ಸಾಧನವೇ?

ನ್ಯಾಯಮಂಡಳಿ 2019ರಲ್ಲಿ ತೀರ್ಪು ಕೊಟ್ಟಿತು. ಅದರಲ್ಲಿ ಎರಡು ಮಾತು ಮುಖ್ಯ. ಮೊದಲನೆಯದು, ‘ವಾಸಯೋಗ್ಯ’ ಅಂದರೆ ಏನು. ಆರೋಗ್ಯಕ್ಕೆ, ಜೀವಕ್ಕೆ ಅಪಾಯ ಇರಬಾರದು, ಅಷ್ಟೇ. ಆರಾಮ, ಅನುಕೂಲ ಇವೆಲ್ಲ ಅದರೊಳಗೆ ಬರುವುದಿಲ್ಲ ಅಂದಿತು ಮಂಡಳಿ. ಎರಡನೆಯದು ಬಾಗಿಲು. ಮನೆ ಭದ್ರವಾಗಿರಲು ಬೇಕಾದ ಬೀಗ ಮತ್ತಿತರ ಭದ್ರತಾ ಸಾಧನಗಳನ್ನು ಮಾಲೀಕ ಒದಗಿಸಬೇಕು ಅಂತ ಕಾಯ್ದೆಯ 49ನೇ ಸೆಕ್ಷನ್ ಹೇಳುತ್ತದೆ. ಬೀಗ ಭದ್ರತಾ ಸಾಧನ ಸರಿ, ಆದರೆ ಬಾಗಿಲು ಭದ್ರತಾ ಸಾಧನ ಅಲ್ಲ ಅನ್ನುವುದು ಮಂಡಳಿಯ ನಿಲುವು.

ಈ ವಾದವನ್ನು ಸುಮ್ನೆ ನಗುವ ವಿಷಯ ಅಂತ ತಳ್ಳಿಹಾಕಬಾರದು. ಕಾನೂನಿನ ಓದು ಕೆಲವೊಮ್ಮೆ ಹೀಗೇ ಪದದ ಅಂಚು ಹಿಡಿದು ನಡೆಯುತ್ತದೆ. ಆದರೂ ಬಾಗಿಲೇ ಇಲ್ಲದ ಕಡೆ ಬೀಗವನ್ನು ಎಲ್ಲಿಗೆ ಹಾಕುವುದು ಅನ್ನುವ ಪ್ರಶ್ನೆ ಯಾರಿಗಾದರೂ ಬರಬೇಕಿತ್ತು.

ಆ ಪ್ರಶ್ನೆ 2020ರಲ್ಲಿ ಬಂತು. ಟೆರಿಟರಿಯ ಸುಪ್ರೀಂ ಕೋರ್ಟ್‌ನಲ್ಲಿ (ಹೆಸರು ಸುಪ್ರೀಂ ಆದರೂ ಇದು ಹೈಕೋರ್ಟ್‌ಗಿಂತ ಕೆಳಗಿನದು) ಮೇಲ್ಮನವಿ ಕೇಳಿದ ನ್ಯಾಯಮೂರ್ತಿ ಜೆನ್ನಿ ಬ್ಲಾಕ್‌ಲ್ಯಾಂಡ್ ಎರಡೂ ಮಾತನ್ನು ತಿರುಗಿಸಿದರು. ಹೊರ ಬಾಗಿಲು ಭದ್ರತೆಯ ಸಾಧನವೇ. ವಾಸಯೋಗ್ಯ ಅನ್ನುವುದೂ ಬರೀ ಸಾಯದೆ ಬದುಕುವ ಮಟ್ಟವಲ್ಲ. ಮನೆ ಇವತ್ತಿನ ಕಾಲದ ಅಳತೆಯಲ್ಲಿ ಮನುಷ್ಯರು ಇರತಕ್ಕಂಥದ್ದಾಗಿರಬೇಕು, ತಕ್ಕ ಮಟ್ಟಿನ ಆರಾಮ ಇರಬೇಕು. ಬಾಗಿಲಿಲ್ಲದೆ ಕಳೆದ ದಿನಗಳ ಆತಂಕಕ್ಕೆ ಯಂಗ್ ಅವರಿಗೆ 10,200 ಡಾಲರ್ ಪರಿಹಾರ ಕೊಡಲು ಹೇಳಿದರು. 68 ತಿಂಗಳಿಗೆ ಹಂಚಿದರೆ ತಿಂಗಳಿಗೆ 150 ಡಾಲರ್. ದೊಡ್ಡ ಮೊತ್ತವೇನಲ್ಲ.

ಸರ್ಕಾರ ಇದನ್ನು ಒಪ್ಪಿ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಬಾಗಿಲಿಗೆ 10,200 ಆದರೆ, ಟೆರಿಟರಿಯುದ್ದಕ್ಕೂ ಇರುವ ಸರ್ಕಾರಿ ಮನೆಗಳ ಸೋರುವ ಪೈಪು, ಕೆಟ್ಟ ಕೂಲರುಗಳಿಗೆ ಎಷ್ಟಾದೀತು? ಪ್ರಕರಣ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. 2022ರಲ್ಲಿ ಬಂದ ತೀರ್ಪು ಅರ್ಧ ಸಿಹಿ, ಅರ್ಧ ಕಹಿ. ವಾಸಯೋಗ್ಯತೆಯ ವಿಶಾಲ ಅರ್ಥವನ್ನು ಅದು ಉಳಿಸಿತು. ಆದರೆ ಆತಂಕಕ್ಕೆ, ನೋವಿಗೆ, ನಿರಾಸೆಗೆ ದುಡ್ಡು ಕೊಡಲಾಗದು ಅಂದಿತು.

ಇಲ್ಲಿ ಒಂದು ಹಡಗಿನ ಕಥೆ ಬರುತ್ತದೆ. 1986ರ ಫೆಬ್ರವರಿಯಲ್ಲಿ ‘ಮಿಖಾಯಿಲ್ ಲೆರ್ಮೊಂತೊವ್’ ಅನ್ನುವ ಸೋವಿಯತ್ ವಿಹಾರ ಹಡಗು ನ್ಯೂಜಿಲ್ಯಾಂಡ್ ಕರಾವಳಿಯಲ್ಲಿ ಮುಳುಗಿತು. ಅದರಲ್ಲಿದ್ದ ಪ್ರಯಾಣಿಕರೊಬ್ಬರು ಕಂಪನಿ ಮೇಲೆ ದಾವೆ ಹೂಡಿದರು. 1993ರಲ್ಲಿ ಹೈಕೋರ್ಟ್ ಒಂದು ನಿಯಮ ಹೇಳಿತು. ಒಪ್ಪಂದ ಮುರಿದಾಗ ಮನಸ್ಸಿಗಾದ ಬೇಸರಕ್ಕೆ ಸಾಮಾನ್ಯವಾಗಿ ಪರಿಹಾರ ಇಲ್ಲ. ಆದರೆ ಒಪ್ಪಂದದ ಉದ್ದೇಶವೇ ಸಂತೋಷ, ವಿಶ್ರಾಂತಿ ಕೊಡುವುದಾಗಿದ್ದರೆ ಇದೆ. ವಿಹಾರದ ಪ್ರಯಾಣ ಅಂಥದ್ದು. ಇನ್ನೊಂದು ವಿನಾಯಿತಿಯೂ ಇದೆ: ದೈಹಿಕ ತೊಂದರೆಯಿಂದ ಬಂದ ಬೇಸರಕ್ಕೂ ಪರಿಹಾರ ಸಿಗಬಹುದು. ಯಂಗ್ ಅವರ ಬಾಗಿಲಿನ ಮೊಕದ್ದಮೆ ಕೊನೆಗೆ ಈ ಹಡಗಿನ ನಿಯಮದ ಸುತ್ತ ತಿರುಗಿತು. ಕೆಟ್ಟುಹೋದ ರಜೆಗೆ ಸಿಗುವ ಸಮಾಧಾನ, ಬಾಗಿಲಿಲ್ಲದ ಮನೆಯಲ್ಲಿ ಕಳೆದ ಐದು ವರ್ಷಕ್ಕೆ ಸಿಗುವುದಿಲ್ಲವೇ?

ಸಿಗುತ್ತದೆ ಅಂತ ಹೈಕೋರ್ಟ್ 2023ರ ನವೆಂಬರ್ 1ರಂದು ಹೇಳಿತು. ಬಾಡಿಗೆ ಕಾಯ್ದೆಯ 122ನೇ ಸೆಕ್ಷನ್ ನಷ್ಟಕ್ಕೆ ಪರಿಹಾರ ಕೊಡಲು ನ್ಯಾಯಮಂಡಳಿಗೆ ಅಧಿಕಾರ ಕೊಟ್ಟಿದೆ. ಆತಂಕ, ನಿರಾಸೆಗಳನ್ನು ಅದರಿಂದ ಹೊರಗಿಡುವಂತಿಲ್ಲ ಅನ್ನುವುದು ತೀರ್ಪು. 10,200 ಡಾಲರ್ ಮತ್ತೆ ಯಂಗ್ ಪರವಾಯಿತು. ಅರ್ಜಿ ಹಾಕಿ ಏಳು ವರ್ಷ ದಾಟಿತ್ತು.

ಈ ತೀರ್ಪನ್ನು ಮೂಲನಿವಾಸಿಗಳ ಗೆಲುವು ಅಂತ ಮಾತ್ರ ಓದುವುದು ಪೂರ್ತಿ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಇದು ಬಾಡಿಗೆದಾರರ ಗೆಲುವು. ಜಮೀನಿನ ಹಕ್ಕಿನ ಮಾತು ಇದರಲ್ಲಿಲ್ಲ, ಜನಾಂಗೀಯ ಭೇದದ ಆರೋಪವೂ ಇಲ್ಲ. ನೀವು ನಮ್ಮನ್ನು ಬಾಡಿಗೆದಾರರು ಅಂತ ಕರೆದಿರಿ, ಹಾಗಾದರೆ ಬಾಡಿಗೆದಾರರ ಹಾಗೇ ನಡೆಸಿಕೊಳ್ಳಿ ಅನ್ನುವುದಷ್ಟೇ ವಾದ. ಅದರ ಬಲವೂ ಅಲ್ಲೇ ಇದೆ. ವಿಶೇಷ ಹಕ್ಕು ಕೇಳಿದ್ದರೆ ರಾಜಕೀಯದ ಗದ್ದಲ ಏಳುತ್ತಿತ್ತು. ಇಲ್ಲಿ ಕೇಳಿದ್ದು ಎಲ್ಲರಿಗೂ ಇರುವ ಹಕ್ಕು. ಅದನ್ನು ಅಲ್ಲಗಳೆಯಲು ಸರ್ಕಾರ ಬಾಗಿಲು ಭದ್ರತಾ ಸಾಧನ ಅಲ್ಲ ಅಂತ ವಾದಿಸಬೇಕಾಯಿತು.

ಮನೆ ಹಾಳು ಮಾಡುವವರು ಯಾರು

ಇಂಥ ವಿಷಯ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಒಳ್ಳೆಯ ಮನೆ ಕೊಟ್ಟರೂ ಅವರೇ ಕೆಡಿಸುತ್ತಾರೆ. ಆಸ್ಟ್ರೇಲಿಯಾದ ಪಟ್ಟಣಗಳಲ್ಲಿ ಇದು ಬಹಳ ಹಳೆಯ ಮಾತು. ಹಾಡಿಗಳ ಬಗ್ಗೆ, ಕೊಳೆಗೇರಿಗಳ ಬಗ್ಗೆ ನಮ್ಮಲ್ಲೂ ಜನ ಇದನ್ನೇ ಹೇಳುವುದನ್ನು ಕೇಳಿರುತ್ತೀರಿ. ಇದು ನಿಜವೋ ಸುಳ್ಳೋ ಅಂತ ಮಾತಿನಲ್ಲಿ ತೀರ್ಮಾನಿಸಬೇಕಾಗಿಲ್ಲ. ಎಣಿಸಿ ನೋಡಿದವರು ಇದ್ದಾರೆ.

ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ವಾಯವ್ಯ ಮೂಲೆಯಲ್ಲಿ ಪಿಟ್ಜಂಟ್ಜಾರ ಜನರ ನಾಡಿದೆ. ಅಲ್ಲಿನ ಜನರೇ ನಡೆಸುವ ಆರೋಗ್ಯ ಸಂಸ್ಥೆ ನಗನಂಪ ಹೆಲ್ತ್ ಕೌನ್ಸಿಲ್. ಎಂಬತ್ತರ ದಶಕದ ನಡುವೆ ಅದರ ಮುಖ್ಯಸ್ಥರಾಗಿದ್ದವರು ಯಾಮಿ ಲೆಸ್ಟರ್. 1953ರಲ್ಲಿ ಬ್ರಿಟಿಷರು ಎಮು ಫೀಲ್ಡ್‌ನಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದಾಗ ಎದ್ದ ಕಪ್ಪು ಮಂಜು ತಮ್ಮ ಬಿಡಾರದ ಮೇಲೆ ಹಾದುಹೋಯಿತು ಅಂತ ಹೇಳುತ್ತಿದ್ದವರು ಇವರು. ಆಗ ಅವರು ಚಿಕ್ಕ ಹುಡುಗ. ಆಮೇಲೆ ಕಣ್ಣು ಕಳೆದುಕೊಂಡರು. ಅವರು ಮೂವರನ್ನು ಕೂರಿಸಿಕೊಂಡು ಕೆಲಸ ಒಪ್ಪಿಸಿದರು: ವಾಸ್ತುಶಿಲ್ಪಿ ಪಾಲ್ ಫೊಲೆರೋಸ್, ವೈದ್ಯ ಪಾಲ್ ಟೋರ್ಜಿಲೊ, ಪರಿಸರ ಆರೋಗ್ಯದಲ್ಲಿ ಕೆಲಸ ಮಾಡುತ್ತಿದ್ದ ಸ್ಟೆಫಾನ್ ರೈನೋ. ಕ್ಲಿನಿಕ್ಕಿನಲ್ಲಿ ಔಷಧಿ ಕೊಡುತ್ತಲೇ ಇದ್ದೇವೆ, ಜನ ಮತ್ತೆ ಮತ್ತೆ ಕಾಯಿಲೆ ಬೀಳುತ್ತಲೇ ಇದ್ದಾರೆ. ಬೀಳದ ಹಾಗೆ ಮಾಡುವುದು ಹೇಗೆ? 1987ರಲ್ಲಿ ಇವರ ವರದಿ ಬಂತು.

ವರದಿಯ ತಿರುಳು ಒಂಬತ್ತು ದಿನನಿತ್ಯದ ಕೆಲಸಗಳ ಪಟ್ಟಿ. ಮೊದಲನೆಯದು ಸ್ನಾನ, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳಿಗೆ. ಆಮೇಲೆ ಬಟ್ಟೆ, ಹಾಸಿಗೆ ಒಗೆಯುವುದು. ಕೊಳಚೆ ನೀರು ಸುರಕ್ಷಿತವಾಗಿ ಹೊರಹೋಗುವುದು. ಅಡುಗೆ ಮಾಡಿ, ಆಹಾರ ಕೆಡದಂತೆ ಇಡುವುದು. ಕಿಕ್ಕಿರಿದ ವಾಸ, ಪ್ರಾಣಿ ಮತ್ತು ಹುಳಹುಪ್ಪಟೆ, ಧೂಳು, ಸೆಕೆ ಮತ್ತು ಚಳಿ, ಮನೆಯೊಳಗೆ ಆಗುವ ಗಾಯ ಇವೆಲ್ಲ ಆಮೇಲೆ. ಈ ಕೆಲಸಗಳನ್ನು ಮಾಡಲು ಮನೆ ಬಿಡುತ್ತದೆಯೇ ಅನ್ನುವುದೇ ಪರೀಕ್ಷೆ. ಮಗುವಿಗೆ ದಿನಾ ಸ್ನಾನ ಮಾಡಿಸಿ ಅಂತ ತಾಯಿಗೆ ಬುದ್ಧಿ ಹೇಳುವ ಮೊದಲು, ಆ ಮನೆಯ ನಲ್ಲಿಯಲ್ಲಿ ನೀರು ಬರುತ್ತದೆಯೇ, ಆ ನೀರು ಹರಿದುಹೋಗುತ್ತದೆಯೇ ನೋಡಿ ಅನ್ನುವುದು.

ಈ ಸ್ನಾನದ ಮಾತು ಸಣ್ಣದಲ್ಲ. ಟ್ರಕೋಮಾ ಅನ್ನುವ ಕಣ್ಣಿನ ಸೋಂಕು ಮುಖ ತೊಳೆಯಲು ನೀರಿಲ್ಲದ ಕಡೆ ಮಕ್ಕಳಿಂದ ಮಕ್ಕಳಿಗೆ ಹರಡುತ್ತದೆ, ಮತ್ತೆ ಮತ್ತೆ ಬಂದರೆ ದೊಡ್ಡವರಾದಾಗ ದೃಷ್ಟಿಯನ್ನೇ ಕಸಿಯುತ್ತದೆ. ಬೇರೆ ಶ್ರೀಮಂತ ದೇಶಗಳಿಂದ ಇದು ತೊಲಗಿ ಎಷ್ಟೋ ಕಾಲವಾದ ಮೇಲೂ ಆಸ್ಟ್ರೇಲಿಯಾದ ದೂರದ ಮೂಲನಿವಾಸಿ ಊರುಗಳಲ್ಲಿ ಉಳಿದಿತ್ತು. ಚರ್ಮದ ಹುಣ್ಣು, ಗಂಟಲು ಸೋಂಕು ತರುವ ಸ್ಟ್ರೆಪ್ ಬ್ಯಾಕ್ಟೀರಿಯಾದ್ದೂ ಇದೇ ಕಥೆ. ಒಂದೇ ಕೋಣೆಯಲ್ಲಿ ಹಲವರು ಮಲಗುವ ಮನೆಗಳಲ್ಲಿ ಅದು ಸುಲಭವಾಗಿ ಹಬ್ಬುತ್ತದೆ. ಅದರಿಂದ ರುಮ್ಯಾಟಿಕ್ ಜ್ವರ, ಜ್ವರದಿಂದ ಹೃದಯದ ಕವಾಟಕ್ಕೆ ಪೆಟ್ಟು. ಹದಿಹರೆಯದಲ್ಲೇ ಹೃದಯದ ಶಸ್ತ್ರಚಿಕಿತ್ಸೆಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ದೊಡ್ಡ ನಗರಗಳಿಗೆ ವಿಮಾನದಲ್ಲಿ ಹೋಗಬೇಕಾದವರಿದ್ದಾರೆ.

ಫೊಲೆರೋಸ್ ಮತ್ತು ಜೊತೆಗಾರರು ಕಟ್ಟಿದ ‘ಹೆಲ್ತ್‌ಹ್ಯಾಬಿಟ್ಯಾಟ್’ ಸಂಸ್ಥೆ ಆಮೇಲೆ ದೇಶದಾದ್ಯಂತ ಸಾವಿರಾರು ಮನೆಗಳನ್ನು ಹೀಗೆ ಪರೀಕ್ಷಿಸಿತು. ಕೆಲಸ ಮಾಡುವ ಶವರ್ ಇದ್ದದ್ದು ಸುಮಾರು ಮೂರರಲ್ಲಿ ಒಂದು ಮನೆಯಲ್ಲಿ. ವಿದ್ಯುತ್ ಸಂಪರ್ಕ ಸುರಕ್ಷಿತ ಅನ್ನಬಹುದಾದ ಮನೆ ಹತ್ತರಲ್ಲಿ ಒಂದು. ಹಾಳಾದ ಪ್ರತಿಯೊಂದಕ್ಕೂ ಕಾರಣ ಬರೆದುಕೊಂಡರು. ಸುಮಾರು 70 ಶೇಕಡಾ ಹಾಳಾದದ್ದು ನಿಯಮಿತ ನಿರ್ವಹಣೆ ಇಲ್ಲದೆ. ಸುಮಾರು ಐದನೇ ಒಂದು ಭಾಗಕ್ಕೆ ಕಾರಣ ಶುರುವಿನಲ್ಲೇ ಕಳಪೆಯಾಗಿ ಕಟ್ಟಿದ್ದು. ನಿವಾಸಿಗಳ ದುರ್ಬಳಕೆಯ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ.

ಈ ಅಂಕಿಗಳ ಹಿಂದೆ ಸರಳ ಕಾರಣಗಳಿವೆ. ಮಧ್ಯ ಆಸ್ಟ್ರೇಲಿಯಾದ ಬೋರ್‌ವೆಲ್ ನೀರು ಬಹಳ ಗಡುಸು. ನಲ್ಲಿಯ ಒಳಗೆ, ಬಿಸಿನೀರಿನ ಟ್ಯಾಂಕಿನೊಳಗೆ, ಕೂಲರ್ ಪ್ಯಾಡ್ ಮೇಲೆ ಬಿಳಿ ಗಾರೆಯ ಹಾಗೆ ಸುಣ್ಣ ಕಟ್ಟುತ್ತದೆ. ನಗರದ ಲೆಕ್ಕದಲ್ಲಿ ಬಾಳಿಕೆ ಹಾಕಿದ ವಸ್ತುಗಳು ಇಲ್ಲಿ ಬೇಗ ಕೆಡುತ್ತವೆ. ಜೊತೆಗೆ ಜನ ಜಾಸ್ತಿ. 2021ರ ಜನಗಣತಿ ಪ್ರಕಾರ ನಾರ್ದರ್ನ್ ಟೆರಿಟರಿಯ ಮೂಲನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಿಕ್ಕಿರಿದ ಮನೆಗಳಲ್ಲಿದ್ದರು. ಐದು ಜನಕ್ಕೆ ಅಂತ ಕಟ್ಟಿದ ಮನೆಯಲ್ಲಿ ಹದಿನೈದು ಜನ ಇದ್ದರೆ ಫ್ಲಶ್ ಮೂರು ಪಟ್ಟು ಜಾಸ್ತಿ ಎಳೆಯಬೇಕಾಗುತ್ತದೆ, ಬಾಗಿಲು ಮೂರು ಪಟ್ಟು ಜಾಸ್ತಿ ತೆಗೆದು ಹಾಕಬೇಕಾಗುತ್ತದೆ. ಅದು ದುರ್ಬಳಕೆಯಲ್ಲ, ಬಳಕೆ.

ಇವರ ಕೆಲಸದ ಕ್ರಮವೂ ಗಮನಿಸತಕ್ಕದ್ದು. ಪರೀಕ್ಷೆಗೆ ಬಂದ ತಂಡ ಮೊದಲ ದಿನವೇ ರಿಪೇರಿ ಶುರು ಮಾಡಬೇಕು. ಬರೀ ಪಟ್ಟಿ ಮಾಡಿಕೊಂಡು ಹೋಗುವಂತಿಲ್ಲ. ತಂಡದಲ್ಲಿ ಬಹುಪಾಲು ಆ ಊರಿನವರೇ. ನ್ಯೂ ಸೌತ್ ವೇಲ್ಸ್ ಆರೋಗ್ಯ ಇಲಾಖೆ ಹತ್ತು ವರ್ಷ ಈ ಯೋಜನೆ ನಡೆಸಿ 2010ರಲ್ಲಿ ಲೆಕ್ಕ ಹಾಕಿತು. ರಿಪೇರಿ ಆದ ಮನೆಗಳ ಜನ ಸೋಂಕು ರೋಗಕ್ಕೆ ಆಸ್ಪತ್ರೆ ಸೇರುವುದು, ಯೋಜನೆ ತಲುಪದ ಮೂಲನಿವಾಸಿಗಳಿಗಿಂತ ಶೇಕಡಾ 40ರಷ್ಟು ಕಡಿಮೆಯಾಗಿತ್ತು. ಹೊಸ ಮನೆ ಕಟ್ಟಿದ್ದಲ್ಲ. ನಲ್ಲಿ, ವೈರು, ಚರಂಡಿ ಸರಿ ಮಾಡಿದ್ದು.

ದೂರು ಎಲ್ಲಿ ಕಳೆದುಹೋಗುತ್ತದೆ

ಹಾಗಾದರೆ ಒಂದು ಬಾಗಿಲು ಹಾಕಲು ಐದೂವರೆ ವರ್ಷ ಸಾಲದೆ ಹೋದದ್ದು ಹೇಗೆ? ಯಾರೋ ಒಬ್ಬ ಅಧಿಕಾರಿಯ ಕೆಟ್ಟತನ ಅಂದರೆ ಉತ್ತರ ಸುಲಭವಾಗುತ್ತಿತ್ತು. ನನಗೆ ಕಾಣುವುದು ಬೇರೆ. ಮನೆಯ ಮಾಲೀಕತ್ವ ಊರಿನಿಂದ ಇಲಾಖೆಗೆ ಹೋದಾಗ ರಿಪೇರಿ ಅನ್ನುವುದು ಒಂದು ಕಡತವಾಯಿತು. ಬಾಡಿಗೆದಾರರು ಹೇಳಬೇಕು, ಅದೂ ತಮ್ಮ ಮಾತೃಭಾಷೆಯಲ್ಲದ ಇಂಗ್ಲಿಷಿನಲ್ಲಿ. ಕೇಳಿಸಿಕೊಂಡವರು ದಾಖಲಿಸಬೇಕು. ಇನ್ನೊಬ್ಬರು ಮಂಜೂರು ಮಾಡಬೇಕು. ಗುತ್ತಿಗೆದಾರ ಪಟ್ಟಣದಿಂದ ಬರಬೇಕು. ಸಣ್ಣ ಕೆಲಸಕ್ಕೆ ಅಷ್ಟು ದೂರ ಬರುವುದು ಅವನಿಗೆ ಲಾಭವಲ್ಲ, ನಾಲ್ಕಾರು ಕೆಲಸ ಕೂಡಿದ ಮೇಲೆ ಬರುತ್ತಾನೆ. ಈ ಸರಪಳಿಯ ಯಾವ ಕೊಂಡಿ ತಪ್ಪಿದರೂ ಬಾಗಿಲು ಬರುವುದಿಲ್ಲ. ತಪ್ಪಿದ್ದಕ್ಕೆ ಯಾರಿಗೂ ಏನೂ ಆಗುವುದೂ ಇಲ್ಲ. ಖಾಸಗಿ ಮಾಲೀಕನಾದರೆ ಬಾಡಿಗೆದಾರ ಮನೆ ಬಿಟ್ಟು ಬೇರೆ ಕಡೆ ಹೋಗುವ ಭಯವಿರುತ್ತದೆ. ಸಾಂಟಾ ಟೆರೀಸಾದಲ್ಲಿ ಬೇರೆ ಮನೆ ಎಲ್ಲಿದೆ?

ಹೈಕೋರ್ಟ್ ತೀರ್ಪಿನ ಬೆಲೆ ಇಲ್ಲಿ ಗೊತ್ತಾಗುತ್ತದೆ. ತಡಕ್ಕೆ ಒಂದು ದರ ಬಂತು. ರಿಪೇರಿ ಮಾಡದೆ ಬಿಡುವುದು ಇನ್ನು ಮುಂದೆ ಉಚಿತವಲ್ಲ.

ಆದರೆ ಈ ದಾರಿಗೂ ಮಿತಿಗಳಿವೆ. ದೊಡ್ಡ ಊರುಗಳಿಂದಾಚೆ ಕುಟುಂಬಗಳು ತಮ್ಮ ಪೂರ್ವಿಕರ ನೆಲದಲ್ಲಿ ಕಟ್ಟಿಕೊಂಡ ಸಣ್ಣ ಸಣ್ಣ ನೆಲೆಗಳಿವೆ, ಹೋಂಲ್ಯಾಂಡ್ ಅನ್ನುತ್ತಾರೆ. ಅಲ್ಲಿ ಸರ್ಕಾರ ಸಾಮಾನ್ಯವಾಗಿ ಬಾಡಿಗೆ ಮಾಲೀಕನಲ್ಲ. ದಾವೆ ಯಾರ ಮೇಲೆ ಹಾಕುವುದು? ವಿದ್ಯುತ್ತಿನದ್ದು ಇನ್ನೊಂದು ಕಥೆ. ದೂರದ ಬಹುಪಾಲು ಮನೆಗಳಲ್ಲಿ ಪ್ರಿಪೇಯ್ಡ್ ಮೀಟರು. ದುಡ್ಡು ಮುಗಿದರೆ ಕರೆಂಟ್ ಹೋಯಿತು. ಟೆರಿಟರಿಯ 28 ಊರುಗಳ ಸುಮಾರು 3,300 ಮನೆಗಳ 2018-19ರ ದಾಖಲೆ ನೋಡಿದ ಸಂಶೋಧಕರಿಗೆ ಕಂಡದ್ದು, 91 ಶೇಕಡಾ ಮನೆಗಳಲ್ಲಿ ಆ ವರ್ಷ ಒಂದು ಸಲವಾದರೂ ಹೀಗೆ ಕರೆಂಟ್ ಹೋಗಿತ್ತು. ನಾಲ್ಕರಲ್ಲಿ ಸುಮಾರು ಮೂರು ಮನೆಗಳಲ್ಲಿ ಹತ್ತಕ್ಕೂ ಹೆಚ್ಚು ಸಲ. ಅತಿ ಸೆಕೆಯ, ಅತಿ ಚಳಿಯ ದಿನಗಳಲ್ಲೇ ಜಾಸ್ತಿ. ಕೂಲರ್ ರಿಪೇರಿ ಮಾಡಿಸುವ ಹಕ್ಕು ಗೆದ್ದರೂ ಅದು ಓಡಲು ಮೀಟರಿನಲ್ಲಿ ದುಡ್ಡಿರಬೇಕು.

ನೀರಿನ ವಿಷಯದಲ್ಲಿ ಇದೇ ಬಗೆಯ ಇನ್ನೊಂದು ಹೋರಾಟ ನಡೆಯಿತು. ಆಲಿಸ್ ಸ್ಪ್ರಿಂಗ್ಸ್‌ನ ವಾಯವ್ಯಕ್ಕಿರುವ ಲರಂಬ ಅನ್ನುವ ಊರಿನ ಕುಡಿಯುವ ನೀರಿನಲ್ಲಿ ಸಹಜವಾಗಿಯೇ ಯುರೇನಿಯಂ ಅಂಶ ಇತ್ತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಲೀಟರಿಗೆ 0.046 ಮಿಲಿಗ್ರಾಂ. ರಾಷ್ಟ್ರೀಯ ಮಾರ್ಗಸೂಚಿಯ ಮಿತಿ ಆಗ 0.017. ಇದಕ್ಕೂ ಮಾಲೀಕನೇ ಹೊಣೆ ಅಂತ ನಿವಾಸಿಗಳು ಅರ್ಜಿ ಹಾಕಿದರು. ನಲ್ಲಿ ನಮ್ಮದು, ನೀರು ನಮ್ಮದಲ್ಲ ಅನ್ನುವ ಸರ್ಕಾರದ ವಾದಕ್ಕೆ 2020ರಲ್ಲಿ ನ್ಯಾಯಮಂಡಳಿ ಒಪ್ಪಿತು. ನಿವಾಸಿಗಳು ಮೇಲ್ಮನವಿಗೆ ಹೋದರು. 2023ರಲ್ಲಿ ಅಲ್ಲಿ ಯುರೇನಿಯಂ ತೆಗೆಯುವ ಶುದ್ಧೀಕರಣ ಘಟಕ ಬಂತು.

ಈಗ

2021ರಲ್ಲಿ ಟೆರಿಟರಿ ಸರ್ಕಾರ ‘ಹೆಲ್ದಿ ಹೋಮ್ಸ್’ ಅನ್ನುವ ನಿರ್ವಹಣಾ ಕಾರ್ಯಕ್ರಮ ಶುರು ಮಾಡಿತು. ಕೆಟ್ಟ ಮೇಲೆ ಓಡುವ ಬದಲು ಕೆಡುವ ಮೊದಲೇ ನೋಡುವುದು ಉದ್ದೇಶ. ಹೆಲ್ತ್‌ಹ್ಯಾಬಿಟ್ಯಾಟ್ ಮೂವತ್ತು ವರ್ಷದಿಂದ ಹೇಳುತ್ತಿದ್ದ ಮಾತೇ ಇದು, ತಡವಾಗಿಯಾದರೂ ಇಲಾಖೆಯ ಭಾಷೆಯಲ್ಲಿ ಸೇರಿತು. 2023ರ ಫೆಬ್ರವರಿಯಿಂದ ಬಾಡಿಗೆಯ ಲೆಕ್ಕ ಬದಲಾಯಿತು. ಮೊದಲು ಆದಾಯ ನೋಡಿ ಬಾಡಿಗೆ ಇತ್ತು, ಆಗ ಅದನ್ನು ಮಲಗುವ ಕೋಣೆಗೆ ವಾರಕ್ಕೆ 70 ಡಾಲರ್ ಅಂತ ಮಾಡಿದರು. ಮನೆಯ ಸ್ಥಿತಿ ಹೇಗಿದೆ ಅನ್ನುವುದು ಈ ಸೂತ್ರದೊಳಗಿರಲಿಲ್ಲ. ಸೋರುವ ಮೂರು ಕೋಣೆಗೂ ಸೋರದ ಮೂರು ಕೋಣೆಗೂ ಒಂದೇ ದರ. ಹೈಕೋರ್ಟ್ ತೀರ್ಪು ಬಂದದ್ದೂ ಅದೇ ವರ್ಷ ಅನ್ನುವುದನ್ನು ನೆನಪಿಟ್ಟುಕೊಂಡರೆ ಈ ಸೂತ್ರ ಇನ್ನೂ ವಿಚಿತ್ರವಾಗಿ ಕಾಣುತ್ತದೆ.

2024ರ ಮಾರ್ಚ್‌ನಲ್ಲಿ ಪ್ರಧಾನಿ ಆಂಥನಿ ಆಲ್ಬನೀಸ್ ಟೆರಿಟರಿಯ ದೂರದ ಊರುಗಳಿಗೆ ಕೇಂದ್ರ ಮತ್ತು ಟೆರಿಟರಿ ಸೇರಿ ಹತ್ತು ವರ್ಷದಲ್ಲಿ 400 ಕೋಟಿ ಡಾಲರ್ ಖರ್ಚು ಮಾಡುವುದಾಗಿ ಘೋಷಿಸಿದರು. ವರ್ಷಕ್ಕೆ 270 ಮನೆಗಳವರೆಗೆ ಕಟ್ಟುವುದು, ಕಿಕ್ಕಿರಿದ ವಾಸವನ್ನು ಅರ್ಧಕ್ಕಿಳಿಸುವುದು ಗುರಿ. ಮನೆ ಬೇಕೇ ಬೇಕು, ಹದಿನೈದು ಜನ ಒಂದೇ ಸೂರಿನಡಿ ಇರುವ ಕಡೆ ಬರೀ ರಿಪೇರಿಯಿಂದ ಬಗೆಹರಿಯುವುದಿಲ್ಲ. ಆದರೆ ಈ ಒಪ್ಪಂದವನ್ನು ನಾನು ಅಳೆಯುವುದು ವರ್ಷಕ್ಕೆ ಎಷ್ಟು ಮನೆಯ ಕೀಲಿ ಕೊಟ್ಟರು ಅನ್ನುವುದರಿಂದಲ್ಲ. ಕೀಲಿ ಕೊಟ್ಟ ಆರನೇ ವರ್ಷ ಆ ಮನೆಯ ಶವರ್‌ನಲ್ಲಿ ನೀರು ಬರುತ್ತಿದೆಯೇ, ಕೆಟ್ಟಿದ್ದರೆ ದೂರು ಕೊಟ್ಟ ಎಷ್ಟು ದಿನಕ್ಕೆ ಪ್ಲಂಬರ್ ಬಂದ, ಆ ಪ್ಲಂಬರ್ ಊರಿನವನೋ ಪಟ್ಟಣದವನೋ ಅನ್ನುವುದರಿಂದ.